ಹನ್ನೊಂದು ಜನರ ಬಟ್ಟೆ

ಆ ಮನೆಯಲ್ಲಿ ಹದಿನಾರು ಕೋಣೆ, ವಾಸಕ್ಕೆ ನಾಲ್ಕೇ ಜನ. ಆ ನಾಲ್ವರಲ್ಲೂ ಮೂವರು ಬೆಳಗಾದರೆ ಹೊಸ್ತಿಲು ದಾಟುವವರು. ಮಗ ಹೊಲಕ್ಕೆ, ಸೊಸೆ ಹೊಲದಾಚೆಯ ಕಾಳಿನ ಗೋದಾಮಿಗೆ, ಮೊಮ್ಮಗಳು ಸೈಕಲ್ ಹತ್ತಿ ನಾಲ್ಕು ಮೈಲಿ ದೂರದ ಶಾಲೆಗೆ. ಉಳಿಯುವವಳು ಅಜ್ಜಿ ಒಬ್ಬಳೇ. ಮನೆಯ ಮೂರು ದಿಕ್ಕಿಗೆ ಜೋಳ, ನಾಲ್ಕನೆಯ ದಿಕ್ಕಿಗೆ ಅಂಗಳ, ಗೇಟು, ಗೇಟಿನಾಚೆ ಮಣ್ಣಿನ ರಸ್ತೆ. ರಸ್ತೆಯಾಚೆ ಮತ್ತೆ ಜೋಳ. ತೀರಾ ಹತ್ತಿರದ ಮನೆಗೆ ಹೋಗಬೇಕೆಂದರೂ ಮುಕ್ಕಾಲು ಗಂಟೆ ನಡೆಯಬೇಕು, ಅಲ್ಲಿಯ ನಾಯಿ ಬೊಗಳಿದ್ದು ಕೂಡ ಗಾಳಿ ಮನಸ್ಸು ಮಾಡಿದ ದಿನವಷ್ಟೇ ಕೇಳಿಸುತ್ತಿತ್ತು.

ಅಜ್ಜಿ ಬಂದದ್ದು ಒಂದು ಇಕ್ಕಟ್ಟಾದ ಗಲ್ಲಿಯಿಂದ. ಅಲ್ಲಿ ಮೂವತ್ತೆರಡು ವರ್ಷ ಇಸ್ತ್ರಿ ಅಂಗಡಿ ನಡೆಸಿದ್ದಳು. ಅಂಗಡಿ ಎಂದರೆ ದೊಡ್ಡದೇನಲ್ಲ. ಬಾಗಿಲ ಮುಂದೆ ಒಂದು ಮೇಜು, ಮೇಜಿನ ಮೇಲೆ ಮಡಿಸಿ ಹಾಸಿದ ಕಂಬಳಿ, ಕೆಂಡ ತುಂಬುವ ಇಸ್ತ್ರಿಪೆಟ್ಟಿಗೆ, ಹಿಂದೆ ಮಲಗಲು ಒಂದು ಕೋಣೆ. ಪಕ್ಕದ ಮನೆಯ ಹೊಲಿಗೆಯವಳು ಒಳಗೆ ಕೆಮ್ಮಿದರೆ ಇವಳು ಇಲ್ಲಿಂದಲೇ "ಬಿಸಿನೀರು ಕುಡಿಯೇ" ಎನ್ನುವಷ್ಟು ಮನೆಗಳು ಗೋಡೆಗೆ ಗೋಡೆ ಒತ್ತಿಕೊಂಡಿದ್ದವು. ಗಲ್ಲಿಯವರ ಮುಖಕ್ಕಿಂತ ಅವರ ಕಾಲರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರ ಕೆಲಸ ಹೋಯಿತು, ಯಾರಿಗೆ ಹೊಟ್ಟೆ ಬರುತ್ತಿದೆ, ಯಾವ ಹುಡುಗ ವಾರದ ನಡುವೆ ಒಳ್ಳೆಯ ಅಂಗಿಯನ್ನು ಇಸ್ತ್ರಿಗೆ ಕೊಡಲು ಶುರು ಮಾಡಿದ್ದಾನೆ, ಇದನ್ನೆಲ್ಲ ಅವಳಿಗೆ ಬಟ್ಟೆಯೇ ಹೇಳುತ್ತಿತ್ತು. ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಮಗ ಅವಳನ್ನು ಕರೆತಂದದ್ದು ಮೂರು ತಿಂಗಳ ಮಾತಿಗೆ. "ಮನೆ, ಹೊಲ ಎರಡೂ ನೋಡ್ಕೊಳ್ಳೋಕೆ ಸಂಸಾರಸ್ಥರೇ ಬೇಕು ಅಂತಾರಮ್ಮ ಯಜಮಾನರು. ಕೆಲಸ ಗಟ್ಟಿ ಆಗೋವರೆಗೆ ನೀನೂ ಬಾ. ಆಮೇಲೆ ನಾನೇ ಬಿಟ್ಟು ಬರ್ತೀನಿ," ಎಂದಿದ್ದ. ಅಜ್ಜಿ ಮೇಜನ್ನು ಒಳಗೆಳೆದು, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ತರಲಿಲ್ಲ. ತಂದರೆ ಇಲ್ಲೇ ಬೇರೂರಿದ ಹಾಗಾಗುತ್ತದೆ ಎಂದು ಅವಳ ಹೆದರಿಕೆ.

ಮನೆಯ ಯಜಮಾನರು ದೂರದಲ್ಲಿದ್ದರು. ಅವರಿಗೆ ಮುಖ ಇರಲಿಲ್ಲ, ಫೋನಿನಲ್ಲಿ ಒಂದು ದನಿ ಇತ್ತು, ಅಷ್ಟೆ. ಹಿಂದಿನ ವರ್ಷ ಮನೆ ಖಾಲಿ ಬಿದ್ದಿದ್ದಾಗ ಕಳ್ಳರು ನುಗ್ಗಿ ನೀರಿನ ಪಂಪು, ತಾಮ್ರದ ತಂತಿ, ಕೊನೆಗೆ ಬಾಗಿಲ ಹಿಡಿಕೆಗಳನ್ನೂ ಬಿಚ್ಚಿಕೊಂಡು ಹೋಗಿದ್ದರು. ಅದಕ್ಕೇ ಮೊದಲ ವಾರವೇ ಆ ದನಿ ಮಗನಿಗೆ ಅಪ್ಪಣೆ ಕೊಟ್ಟಿತು.

"ಮಹಡಿ ಮೇಲೆ ಎರಡು ಟ್ರಂಕು ಹಳೇ ಬಟ್ಟೆ ಇದೆ. ವಾರಕ್ಕೆರಡು ಸಲ ಒಗೆದು ಅಂಗಳದ ತಂತಿ ಮೇಲೆ ಹಾಕಿಸಿ. ಚಪ್ಪಲಿಗಳೂ ಇವೆ, ಜಗಲಿ ಮೇಲೆ ಸಾಲಾಗಿ ಇಡಿ. ರಸ್ತೇಲಿ ಹೋಗೋರಿಗೆ ಮನೆ ತುಂಬ ಜನ ಇದ್ದಾರೆ ಅನ್ನಿಸ್ಬೇಕು."

"ಆಯ್ತು ಸಾರ್," ಎಂದ ಮಗ. ಅವನಿಗೆ ಆ ಫೋನಿನಲ್ಲಿ ಆ ಎರಡು ಪದ ಬಿಟ್ಟರೆ ಮೂರನೆಯದು ಬರುತ್ತಿರಲಿಲ್ಲ.

ಮೊದಲೆರಡು ಸಲ ಸೊಸೆಯೇ ಹಾಕಿದಳು. ಅಜ್ಜಿ ಜಗಲಿಯಲ್ಲಿ ನಿಂತು ನೋಡಿದಳು, ನೋಡಿ ಮೂಗು ಮುರಿದಳು.

"ಇದೇನೇ ಇದು?"

"ಬಟ್ಟೆ ಅತ್ತೆ."

"ಬಟ್ಟೆ ಅಂತ ನನಗೂ ಕಾಣುತ್ತೆ. ಹೋದ ಸಲ ಯಾವ ಅಂಗಿ ಎಲ್ಲಿತ್ತೋ ಈ ಸಲಾನೂ ಅಲ್ಲೇ ಇದೆ. ಒಂದು ಕಾಲುಚೀಲ ಇಲ್ಲ, ಒಳಬಟ್ಟೆ ಇಲ್ಲ, ಅಡುಗೆಮನೆ ಮಸಿಬಟ್ಟೆ ಇಲ್ಲ. ಇದೇನು ಸಂಸಾರಾನೋ ಜವಳಿ ಅಂಗಡೀನೋ? ಸ್ವಲ್ಪ ಬುದ್ಧಿ ಇರೋ ಕಳ್ಳ ನೋಡಿದ್ರೆ ನಗ್ತಾ ಒಳಗೆ ಬರ್ತಾನೆ."

"ಹಾಗಾದ್ರೆ ನೀವೇ ಹಾಕ್ಕೊಳ್ಳಿ," ಎಂದು ಸೊಸೆ ಬಕೆಟ್ಟನ್ನು ಅಲ್ಲೇ ಕುಕ್ಕಿ ಗೋದಾಮಿಗೆ ನಡೆದಳು.

ಸಿಟ್ಟಿನಲ್ಲಿ ಕೊಟ್ಟದ್ದನ್ನು ಅಜ್ಜಿ ಉಡುಗೊರೆಯಂತೆ ತೆಗೆದುಕೊಂಡಳು. ಅಂದಿನಿಂದ ಅದು ಅವಳ ಕೆಲಸವಾಯಿತು. ಟ್ರಂಕಿನ ಬಟ್ಟೆಯನ್ನೆಲ್ಲ ಹಜಾರದಲ್ಲಿ ಸುರಿದುಕೊಂಡು ಒಂದು ದಿನವಿಡೀ ವಿಂಗಡಿಸಿದಳು. ಒಟ್ಟು ಏಳು ಜನರ ಬಟ್ಟೆ ಎಂದು ಅಂದಾಜಾಯಿತು. ನಾಲ್ಕನೆಯ ಗುಂಡಿಯ ಹತ್ತಿರ ದಾರ ಎಳೆದಾಡಿದ ಅಂಗಿಗಳ ಒಡೆಯ ಹೊಟ್ಟೆಯಪ್ಪ. ಎಡತೋಳಿನ ಅಂಚಿಗೆ ಮಾತ್ರ ಶಾಯಿ ಹತ್ತಿದವನು ಎಡಚ. ಲಂಗದ ಅಂಚು ಎರಡು ಸಲ ಬಿಚ್ಚಿ ಉದ್ದ ಮಾಡಿಸಿಕೊಂಡವಳು ಉದ್ದಕ್ಕ. ತೋಳಲ್ಲಿ ಮೂಗೊರೆಸಿಕೊಂಡೇ ಬೆಳೆದ ಒಂದು ಪುಟ್ಟ ಹುಡುಗಿ, ಅದು ಸಿಂಬಳಬುರುಕಿ. ಹೀಗೆ ಏಳು ಜನ ಅಜ್ಜಿಯ ಮುಂದೆ ಸಾಲಾಗಿ ಬಂದು ನಿಂತರು. ನಾಲ್ಕು ಮತ್ತು ಏಳು ಹನ್ನೊಂದು.

ಹನ್ನೊಂದು ಜನರ ಸಂಸಾರವನ್ನು ಅವಳು ತಂತಿಯ ಮೇಲೆ ಎಷ್ಟು ಅಚ್ಚುಕಟ್ಟಾಗಿ ನಡೆಸಿದಳೆಂದರೆ ಕಟ್ಟಿಕೊಂಡ ಹೆಂಡತಿಯೂ ಅಷ್ಟು ನಡೆಸಲಾರಳು. ಸೋಮವಾರ ಅಂಗಿ ಜಾಸ್ತಿ, ಗುರುವಾರ ಚಾದರ ಜಾಸ್ತಿ. ಹೊಟ್ಟೆಯಪ್ಪನ ಪ್ಯಾಂಟಿನ ಮೊಣಕಾಲಿಗೆ ಮಣ್ಣು ಉಜ್ಜಿ, ಅರ್ಧ ಹೋಗುವಷ್ಟೇ ಒಗೆದು ಹಾಕುವಳು. ಒಂಟಿ ಕಾಲುಚೀಲವನ್ನು ಬೇಕೆಂದೇ ಕೆಳಗೆ ಬೀಳಿಸುವಳು. ಸಿಂಬಳಬುರುಕಿಗೆ ನೆಗಡಿಯಾದ ವಾರ ನಾಲ್ಕು ಕರವಸ್ತ್ರ ಹೆಚ್ಚಿಗೆ. ಜಗಲಿಯ ಚಪ್ಪಲಿಗಳನ್ನೂ ಬಿಡಲಿಲ್ಲ. ದಿನಾ ಬೆಳಿಗ್ಗೆ ಒಂದೆರಡು ಜೊತೆ ಅಡ್ಡಾದಿಡ್ಡಿ ಮಾಡಿ, ಯಾರೋ ಅವಸರದಲ್ಲಿ ಬಿಟ್ಟು ಒಳಗೋಡಿದ ಹಾಗೆ ಇಡುವಳು.

ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

"ಮೂರು ದಿನಕ್ಕೊಂದು ಸೋಪು ಕರಗಿಸ್ತೀರಲ್ಲ ಅತ್ತೆ. ಇರೋ ನಾಲ್ಕು ಜನಕ್ಕೆ ಮೈಗೆ ಹಚ್ಕೊಳ್ಳೋಕೆ ಸೋಪಿಲ್ಲ, ಇಲ್ಲದೇ ಇರೋರಿಗೆ ನೊರೆ ಸ್ನಾನ!"

"ನಿನ್ನ ಗಂಡನ ಕೆಲಸ ಉಳಿಸ್ತಾ ಇರೋದು ಆ ಇಲ್ಲದೇ ಇರೋರೇ."

"ಹೌದೌದು. ನಾವು ಸುಮ್ಮನೆ ತಿಂದ್ಕೊಂಡಿದ್ದೀವಿ."

ಊಟದ ಹೊತ್ತಿಗೆ ಮಾತ್ರ ಮೊಮ್ಮಗಳು ಅಜ್ಜಿಯ ಕಡೆಗೆ. ಹದಿನೈದರ ಹುಡುಗಿ. ಅಷ್ಟು ದೊಡ್ಡ ಮನೆಯಲ್ಲಿ ನಾಲ್ವರೂ ಅಡುಗೆಮನೆಯ ಮೂಲೆಯಲ್ಲಿ ಮಂಡಿಗೆ ಮಂಡಿ ತಗುಲಿಸಿಕೊಂಡು ಕೂತು ಉಣ್ಣುವುದು. ಆಚೆಯ ಊಟದ ಹಜಾರದಲ್ಲಿ ಕೂತರೆ ಅನ್ನ ಬಡಿಸಿದ ಸದ್ದೂ ಮಾರ್ದನಿಸುತ್ತಿತ್ತು.

"ಅಜ್ಜಿ, ಹೊಟ್ಟೆಯಪ್ಪ ಇವತ್ತೇನು ಮಾಡಿದ?"

"ಅವನ ಹೆಂಡತಿ ಜೊತೆ ಜಗಳ. ಇಬ್ಬರ ಬಟ್ಟೇನೂ ತಂತಿಯ ಆ ಕೊನೆಗೊಂದು ಈ ಕೊನೆಗೊಂದು ಹಾಕಿದ್ದೀನಿ, ನೋಡ್ಲಿಲ್ವಾ?"

ಹುಡುಗಿ ಅನ್ನ ನೆತ್ತಿಗೇರುವ ಹಾಗೆ ನಕ್ಕಳು. ಮಗ ನಗಲಿಲ್ಲ. "ಊಟ ಮಾಡ್ರಿ ಸುಮ್ನೆ," ಎಂದ.

"ಅಪ್ಪಾ, ಶಾಲೇಲಿ ಏನಂತಾರೆ ಗೊತ್ತಾ? ನಮಗೆ ಜಂಬ ಅಂತೆ. ಹನ್ನೊಂದು ಜನ ಇದ್ದೂ ಯಾರ ಮನೆಗೂ ಬರಲ್ಲ, ಯಾರನ್ನೂ ಕರೆಯಲ್ಲ ಅಂತೆ. ಅಷ್ಟು ದೊಡ್ಡ ಸಂಸಾರಕ್ಕೆ ನಾವ್ಯಾಕೆ ಬೇಕು ಅಂತಾರೆ."

"ಅಂದ್ಕೊಳ್ಳಲಿ. ಅದೇ ಬೇಕಾಗಿರೋದು."

ಅಜ್ಜಿ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿ ಮಗನ ಮುಖ ನೋಡಿದಳು.

ನಗೆಯೆಲ್ಲ ಸಂಜೆಯದು. ಹಗಲು ಹಾಗಲ್ಲ. ಬೆಳಗಿನ ಎಂಟರಿಂದ ಸಂಜೆ ನಾಲ್ಕರವರೆಗೆ ಹದಿನಾರು ಕೋಣೆಯೂ ಅವಳೊಬ್ಬಳ ತಲೆಯ ಮೇಲೆ. ಹೊತ್ತು ಕಳೆಯಲು ಕೋಣೆಯಿಂದ ಕೋಣೆಗೆ ಕಸಬರಿಗೆ ಹಿಡಿದು ಹೋಗುವಳು. ಯಾರೂ ಕಾಲಿಡದ ನೆಲದಲ್ಲಿ ಕಸವಾದರೂ ಎಲ್ಲಿಂದ ಬರಬೇಕು. ಒಂದು ದಿನ ಒಣಗಿದ ಬಟ್ಟೆ ತೆಗೆಯುವಾಗ ಹಳೆಯ ಚಾಳಿಯಲ್ಲಿ ಎಡಚನ ಅಂಗಿಯ ಕಾಲರನ್ನು ಮೂಗಿಗೆ ಹಿಡಿದಳು. ಗಲ್ಲಿಯಲ್ಲಾದರೆ ಎಷ್ಟೇ ಒಗೆದ ಕಾಲರಾದರೂ ಸ್ವಲ್ಪ ಮನುಷ್ಯರ ವಾಸನೆ ಇಟ್ಟುಕೊಂಡೇ ಇರುತ್ತಿತ್ತು. ಇದರಲ್ಲಿ ಸೋಪು, ನುಸಿಗುಳಿಗೆ, ಬಿಸಿಲು. ಅಜ್ಜಿ ತಂತಿಯ ಕೆಳಗೇ ಕೂತು ಅತ್ತುಬಿಟ್ಟಳು. ಅಳು ಯಾಕೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಜನ ಬೇಕಾಗಿತ್ತು.

ದಿನಕ್ಕೆರಡು ಸಲ ಹಾಲಿನ ವ್ಯಾನು ರಸ್ತೆಯಲ್ಲಿ ಹೋಗುವುದು, ಬೆಳಿಗ್ಗೆ ಹತ್ತರ ಸುಮಾರಿಗೆ ಒಮ್ಮೆ, ಸಂಜೆ ಐದಕ್ಕೊಮ್ಮೆ. ಆಚೆಯ ಹಟ್ಟಿಗಳಿಂದ ಕ್ಯಾನು ತುಂಬಿಕೊಂಡು ಹೋಗುವ ವ್ಯಾನದು. ಈ ಮನೆಯಲ್ಲಿ ಹಸು ಇಲ್ಲ, ಅದಕ್ಕೆ ನಿಲ್ಲುತ್ತಿರಲಿಲ್ಲ. ಕ್ಯಾನುಗಳು ಒಂದಕ್ಕೊಂದು ತಾಗುವ ಸದ್ದು ದೂರದಿಂದ ಕೇಳಿದರೆ ಅಜ್ಜಿ ಕೆಲಸ ಬಿಟ್ಟು ಅಂಗಳಕ್ಕೆ ಬರುವಳು. ವ್ಯಾನಿನವನು ಕೈಯೆತ್ತುವನು, ಇವಳೂ ಎತ್ತುವಳು. ಇಡೀ ಹಗಲಿನಲ್ಲಿ ಅಷ್ಟೇ ಅವಳ ಒಡನಾಟ.

ಮೂರು ತಿಂಗಳು ಮುಗಿದು ನಾಲ್ಕನೆಯದು ಹಿಡಿದಾಗ ಗಲ್ಲಿಯ ಹೊಲಿಗೆಯವಳ ಫೋನು ಬಂತು. ಸೊಸೆಯ ಮೊಬೈಲಿಗೆ ಬಂದದ್ದನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡಳು.

"ಇಸ್ತ್ರಿಯಮ್ಮಾ, ನಿನ್ನ ಕೋಣೆ ಮಾಲೀಕ ಕಿರಿಕಿರಿ ಶುರು ಮಾಡಿದ್ದಾನೆ. ಒಂದನೇ ತಾರೀಖಿನೊಳಗೆ ಬಂದು ಬಾಗಿಲು ತೆಗೀಲಿಲ್ಲ ಅಂದ್ರೆ ತನ್ನ ಅಳಿಯನಿಗೆ ಮೊಬೈಲ್ ರಿಪೇರಿ ಅಂಗಡಿ ಹಾಕಿಸ್ತಾನಂತೆ. ಇಡೀ ಗಲ್ಲಿ ಸುಕ್ಕುಬಟ್ಟೆ ಹಾಕ್ಕೊಂಡು ತಿರುಗ್ತಿದೆ. ಯಾವಾಗ ಬರ್ತೀಯಾ?"

"ಬರ್ತೀನಿ ಕಣೇ, ಒಂದನೇ ತಾರೀಖಿಗೆ ಮೊದಲೇ ಬರ್ತೀನಿ," ಎಂದಳು ಅಜ್ಜಿ. ದನಿ ಅವಳಿಗೇ ಗುರುತು ಸಿಗದಷ್ಟು ಎಳೆಯದಾಗಿತ್ತು.

ಅಂದು ಊಟಕ್ಕೆ ಕೂತಾಗ ವಿಷಯ ಎತ್ತಿದಳು.

"ಕಟಾವು ಮುಗೀಲಿ ಅಮ್ಮ," ಎಂದ ಮಗ.

"ಕಟಾವಿಗೆ ಇನ್ನೂ ತಿಂಗಳಿದೆ. ಅಷ್ಟರಲ್ಲಿ ನನ್ನ ಕೋಣೇಲಿ ಯಾರೋ ಮೊಬೈಲ್ ಬಿಚ್ಚುತ್ತಾ ಕೂತಿರ್ತಾನೆ."

"ಆ ಗೂಡಲ್ಲಿ ಏನಿದೆ ಅಂತ ಹೋಗ್ತೀಯಾ? ಇಲ್ಲಿ ಹದಿನಾರು ಕೋಣೆ ಇದೆ, ಯಾವುದು ಬೇಕೋ ಅದರಲ್ಲಿ ಮಲಕ್ಕೋ."

"ಹದಿನಾರನ್ನೂ ನೀನೇ ಇಟ್ಕೋ. ನನಗೆ ಗೋಡೆ ಆಚೆ ಕೆಮ್ಮೋರು ಒಬ್ಬರು ಬೇಕು."

"ನೀನು ಹೋದ್ರೆ ಮನೇಲಿ ಹಗಲು ಹೊತ್ತು ಯಾರೂ ಇರಲ್ಲ. ಯಜಮಾನರಿಗೆ ಗೊತ್ತಾದ್ರೆ ನನ್ನ ಕೆಲಸದ ಗತಿ?"

"ಮೂರು ತಿಂಗಳು ಅಂದಿದ್ದೆ ನೀನು. ನಿನ್ನ ಮಾತಿಗೆ ಏನಾದ್ರೂ ಬೆಲೆ ಇದೆಯೋ ಇಲ್ವೋ?"

ಸೊಸೆ ಮಧ್ಯೆ ಬಾಯಿ ಹಾಕಿದಳು. ಯಾರ ಕಡೆಗೆ ಹಾಕುತ್ತಾಳೋ ಎಂದು ಇಬ್ಬರೂ ತಿರುಗಿದರು. "ಮಾತು ಕೊಟ್ಟಿದ್ದು ಹೌದಲ್ಲ ರೀ. ಬಿಟ್ಟು ಬನ್ನಿ. ಮನೇಲಿ ಸೋಪಾದ್ರೂ ಉಳಿಯುತ್ತೆ."

ಕೊನೆಗೆ ಮಗ ಸೋತ. ತಿಂಗಳ ಕೊನೆಯ ಭಾನುವಾರ ಬಿಟ್ಟು ಬರುವುದೆಂದಾಯಿತು. ಅಜ್ಜಿ ಐದು ದಿನ ಮೊದಲೇ ಚೀಲ ಕಟ್ಟಿ ಬಾಗಿಲ ಹಿಂದಿನ ಮೊಳೆಗೆ ತಗುಲಿ ಹಾಕಿದಳು. ಹೋಗುತ್ತಾ ಬರುತ್ತಾ ಅದನ್ನು ಮುಟ್ಟಿ ನೋಡುವಳು.

ಗುರುವಾರ ಚಾದರಗಳ ದಿನ. ಇದೇ ಕೊನೆಯ ಸಲವೆಂದು ಅಜ್ಜಿ ಎಂಟು ಚಾದರ ಒಗೆದಳು. ಹನ್ನೊಂದು ಜನರದ್ದನ್ನೂ ತಂತಿ ಜಗ್ಗುವಷ್ಟು ಹಾಕಿ, ತಾನು ಹೋದ ಮೇಲೆ ಇವರ ಗತಿಯೇನೋ ಎಂದು ಹೊಟ್ಟೆಯಪ್ಪನ ಅಂಗಿಯ ಭುಜ ಸರಿಮಾಡಿದಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಅಲ್ಲಿ ಒಗೆಯುವ ಕಲ್ಲಿನಿಂದ ಹರಿದು ಬಂದ ಸೋಪಿನ ನೀರಿತ್ತು.

ಬಿದ್ದದ್ದು ಗೊತ್ತಾಗಲಿಲ್ಲ. ಏಳಲು ಹೋದಾಗ ಗೊತ್ತಾಯಿತು. ಬಲಗಾಲು ತನ್ನದಲ್ಲವೆಂಬಂತೆ ಬೇರೆ ಕಡೆಗೆ ತಿರುಗಿ ಬಿದ್ದಿತ್ತು. ಸೊಂಟದಿಂದೆದ್ದ ನೋವು ಕಣ್ಣಿಗೆ ಕತ್ತಲೆ ತಂದಿತು. ಮಗ ಹೊಲದ ತುದಿಯಲ್ಲಿ, ಸೊಸೆ ಅದರಾಚೆಯ ಗೋದಾಮಿನಲ್ಲಿ ಇದ್ದರು, ಅಲ್ಲಿಗೆ ಟ್ರ್ಯಾಕ್ಟರಿನ ಸದ್ದು ಬಿಟ್ಟು ಬೇರೆ ಸದ್ದು ಹೋಗದು. ಅಜ್ಜಿ ಆದರೂ ಕೂಗಿದಳು. ಜೋಳದ ಗರಿಗಳು ಸರಸರ ಎಂದವು.

ಆಗ ಕ್ಯಾನುಗಳ ಸದ್ದು ಕೇಳಿತು. ಹತ್ತು ಗಂಟೆಯ ವ್ಯಾನು. ಅಜ್ಜಿಗೆ ಹೋದ ಜೀವ ಬಂದಂತಾಯಿತು. ಎಂಟು ಚಾದರಗಳ ಹಿಂದೆ ಬಿದ್ದವಳಿಗೆ ರಸ್ತೆ ಕಾಣುತ್ತಿರಲಿಲ್ಲ, ಆದರೆ ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದುಕೊಂಡು ಕೂಗಿದಳು.

"ಯಾರಪ್ಪಾ! ಬನ್ರಪ್ಪಾ! ಬಿದ್ದುಬಿಟ್ಟಿದ್ದೀನಿ!"

ವ್ಯಾನು ನಿಧಾನವಾಯಿತು. ನಿಂತಿತು ಕೂಡ. ಇಂಜಿನ್ನು ಗುರುಗುಟ್ಟುವ ಸದ್ದಿನ ನಡುವೆ ವ್ಯಾನಿನವನ ದನಿ ಗೇಟಿನಿಂದ ಮನೆಯ ಕಡೆಗೆ ಬಂತು.

"ಒಳಗಿರೋರೇ! ಅಂಗಳದಲ್ಲಿ ಯಾರೋ ಕರೀತಾ ಇದ್ದಾರೆ, ಸ್ವಲ್ಪ ನೋಡ್ರಪ್ಪಾ!"

ಅಷ್ಟು ಹೇಳಿ ಅವನು ಗೇರು ಹಾಕಿದ. ಹಾಲು ಕೆಡುವ ಮುನ್ನ ಮುಟ್ಟಿಸಬೇಕಾದವನು. ಜಗಲಿಯಲ್ಲಿ ಸಾಲು ಚಪ್ಪಲಿ, ತಂತಿಯಲ್ಲಿ ಈಗಷ್ಟೇ ಒಗೆದು ನೀರು ತೊಟ್ಟಿಕ್ಕುವ ಬಟ್ಟೆ. ಅಷ್ಟು ಜನರಿರುವ ಮನೆಯಲ್ಲಿ ಯಾರಾದರೊಬ್ಬರು ಹೊರಗೆ ಬಂದೇ ಬರುತ್ತಾರೆ ಎಂದುಕೊಂಡಿದ್ದರೆ ಅವನದೇನು ತಪ್ಪು.

ಕ್ಯಾನುಗಳ ಸದ್ದು ಪೂರ್ತಿ ಅಡಗುವವರೆಗೂ ಅಜ್ಜಿ ಕೂಗುತ್ತಲೇ ಇದ್ದಳು. ಆಮೇಲೆ ಮಲಗಿದಲ್ಲಿಂದಲೇ ಮೇಲೆ ನೋಡಿದಳು. ಹೊಟ್ಟೆಯಪ್ಪನ ಅಂಗಿ ಗಾಳಿಗೆ ಉಬ್ಬಿ ನಿಂತಿತ್ತು. ಉದ್ದಕ್ಕನ ಲಂಗದ ಅಂಚಿನಿಂದ ಅವಳ ಹಣೆಯ ಮೇಲೆ ಹನಿ ಬೀಳುತ್ತಿತ್ತು.

"ಇಷ್ಟು ಜನ ಇದ್ದೀರಲ್ಲ," ಎಂದಳು ಅಜ್ಜಿ. "ಒಬ್ಬರಿಗಾದ್ರೂ ಕೈ ಕೊಡೋಕಾಗಲ್ವೇನ್ರೋ?"

ನಾಲ್ಕೂಕಾಲಿಗೆ ಸೈಕಲ್ಲಿನ ಗಂಟೆ ಕೇಳಿಸಿದಾಗ ಬಟ್ಟೆಯೆಲ್ಲ ಒಣಗಿತ್ತು.

ಆಸ್ಪತ್ರೆಯಲ್ಲಿ ಸೊಂಟದ ಮೂಳೆಗೆ ಸರಳು ಹಾಕಿದರು. ಎರಡು ತಿಂಗಳು ಮಂಚ, ಆಮೇಲೆ ಕೋಲು, ನಿಂತು ಮಾಡುವ ಕೆಲಸ ಇನ್ನು ಇಲ್ಲ ಎಂದರು ಡಾಕ್ಟರು. ಇಸ್ತ್ರಿ ನಿಂತೇ ಮಾಡುವ ಕೆಲಸ ಎಂದು ಅವರಿಗೆ ಯಾರೂ ಹೇಳಲಿಲ್ಲ. ಒಂದನೇ ತಾರೀಖು ಆಸ್ಪತ್ರೆಯಲ್ಲೇ ಕಳೆಯಿತು. ಮನೆಗೆ ತಂದು ಅಂಗಳದ ಕಡೆಗೆ ಕಿಟಕಿಯಿರುವ ಮುಂದಿನ ಕೋಣೆಯಲ್ಲಿ ಮಲಗಿಸಿದರು. ಬಾಗಿಲ ಹಿಂದಿನ ಮೊಳೆಯಿಂದ ಚೀಲ ಇಳಿಸಿದವರು ಯಾರೋ, ಅಜ್ಜಿ ಕೇಳಲಿಲ್ಲ.

ಬಟ್ಟೆ ಹಾಕುವುದು ನಿಲ್ಲಲಿಲ್ಲ. ಯಜಮಾನರ ದನಿ ವಿಷಯ ಕೇಳಿ ಅಯ್ಯೋ ಪಾಪ ಎಂದು, ಅದರ ಬೆನ್ನಿಗೇ "ಬಟ್ಟೆ ಮಾತ್ರ ನಿಲ್ಲಿಸ್ಬೇಡಿ" ಎಂದಿತು. ಮೊಮ್ಮಗಳು ಶಾಲೆಗೆ ಹೋಗುವ ಮುಂಚೆ ನಾಲ್ಕು ಅಂಗಿ ಎಸೆದು ಹೋಗುವಳು. ಅಜ್ಜಿ ಕಿಟಕಿಯ ಕಡೆ ಮುಖ ಮಾಡುತ್ತಿರಲಿಲ್ಲ.

ಸೊಸೆ ಮಧ್ಯಾಹ್ನ ಗೋದಾಮಿನಿಂದ ಒಂದು ಸಲ ಓಡಿಬಂದು ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ ಹೋಗುವಳು. ಕೈ ಒರಟು, ಆದರೆ ಒಂದು ದಿನವೂ ತಪ್ಪಲಿಲ್ಲ. ಒಮ್ಮೆ ಬೆನ್ನು ಒರೆಸಿಸಿಕೊಳ್ಳುತ್ತಾ ಅಜ್ಜಿ ಕೇಳಿದಳು.

"ನಿನಗೆ ಇಲ್ಲಿ ಬೇಜಾರಾಗಲ್ವೇನೇ?"

ಸೊಸೆ ಟವೆಲ್ಲು ಹಿಂಡಿದಳು. "ಬೇಜಾರಾದ್ರೆ ಯಾರ ಹತ್ರ ಹೇಳ್ಕೊಳ್ಲಿ ಅತ್ತೆ? ಗೋದಾಮಲ್ಲಿ ಕಾಳಿನ ಮೂಟೆ. ಮನೇಗೆ ಬಂದ್ರೆ ನೀವು ನಿಮ್ಮ ಹೊಟ್ಟೆಯಪ್ಪ, ಉದ್ದಕ್ಕನ ಜೊತೆ ಇರ್ತಿದ್ರಿ. ನಾನು ಬಂದಿದ್ದೂ ನೋಡ್ತಿರ್ಲಿಲ್ಲ."

ಅಜ್ಜಿ ತಿರುಗಿ ಸೊಸೆಯ ಕುಪ್ಪಸದ ತೋಳು ಹಿಡಿದು ನೋಡಿದಳು. ಕಂಕುಳ ಹೊಲಿಗೆ ಬಿಟ್ಟಿತ್ತು, ಬೆವರಿಗೆ ಬಣ್ಣ ಹೋಗಿತ್ತು. ಒಂದೇ ಮನೆಯಲ್ಲಿದ್ದೂ ಆ ಬಟ್ಟೆಯನ್ನು ಇಷ್ಟು ದಿನ ಓದಿರಲಿಲ್ಲ.

"ಸೂಜಿ ದಾರ ತಾ. ಕೂತು ಮಾಡೋ ಕೆಲಸ ತಾನೇ," ಎಂದಳು.

ಮುಂದಿನ ಭಾನುವಾರ ಮಗ ಗಲ್ಲಿಗೆ ಹೋಗಿ ಬಂದ. ಕೋಣೆಯ ಕೀಲಿಯನ್ನು ಅಜ್ಜಿಯೇ ಸೊಂಟದಿಂದ ಬಿಚ್ಚಿ ಕೊಟ್ಟಿದ್ದಳು. ಸಾಮಾನು ತೆಗೆದುಕೊಂಡು ಹೋಗಿ ಎಂದು ಮಾಲೀಕ ಎರಡು ಸಲ ಹೇಳಿಕಳಿಸಿದ್ದ. ಮೇಜನ್ನು ಹೊಲಿಗೆಯವಳಿಗೆ ಕೊಟ್ಟು, ಇಸ್ತ್ರಿಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಅದನ್ನು ಮಂಚದ ಪಕ್ಕ ಇಟ್ಟ. ಅಜ್ಜಿ ಮುಚ್ಚಳ ತೆಗೆದಳು. ಒಳಗೆ ಕೊನೆಯ ದಿನದ ಬೂದಿ ಹಾಗೇ ಇತ್ತು.

"ಚೆಲ್ಲಲಾ?" ಎಂದಳು ಮೊಮ್ಮಗಳು.

"ಇರಲಿ ಬಿಡು." ಮುಚ್ಚಳ ಮುಚ್ಚಿ ಮಗನನ್ನು ಕೇಳಿದಳು. "ಎಲ್ಲರೂ ಸಿಕ್ಕಿದ್ರಾ?"

"ಸಿಕ್ಕಿದ್ರು. ಎಲ್ಲಾ ಸುತ್ತುವರಿದು ನಿಂತ್ಬಿಟ್ರು. ಇಸ್ತ್ರಿಯಮ್ಮ ಹೇಗಿದ್ದಾಳೆ, ಯಾಕೆ ಬರ್ಲಿಲ್ಲ ಅಂತ. ಹೊಲಿಗೆಯವಳು ಅತ್ತೇಬಿಟ್ಳು. ನಾಳೇನೇ ಬಸ್ಸು ಹತ್ತಿ ನೋಡ್ಕೊಂಡು ಬರ್ತೀನಿ ಅಂದ್ಳು."

ಅಜ್ಜಿ ದಿಂಬಿನಿಂದ ತಲೆಯೆತ್ತಿದಳು. "ಬರ್ತಾಳಾ?"

"ಇಲ್ಲಮ್ಮ, ನಾನೇ ಬೇಡ ಅಂದೆ. ಪಾಪ ಅಷ್ಟು ದೂರ ಯಾಕೆ. ನೀನು ಬಿದ್ದಿದ್ದು ಹೇಳ್ಲಿಲ್ಲ, ಗಾಬರಿ ಆಗ್ತಾರೆ ಅಂತ. ಆರಾಮಾಗಿದ್ದಾಳೆ, ದೊಡ್ಡ ಮನೆ, ಮನೆ ತುಂಬ ಜನ, ಮಾತಾಡ್ಸೋಕೆ ಪುರುಸೊತ್ತಿಲ್ಲ ಅಂದೆ. ಎಲ್ಲರಿಗೂ ಸಮಾಧಾನ ಆಯ್ತು."

ಅಜ್ಜಿಯ ಮುಖ ನೋಡಿದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು.

"ಮನೆ ತುಂಬ ಜನ ಅಂದ್ಯಾ?"

"ಅವರ ಸಮಾಧಾನಕ್ಕೆ ಅಮ್ಮ…"

"ಯಾರೋ ಅವರು? ಕರ್ಕೊಂಡು ಬಾ ಒಬ್ಬೊಬ್ಬರನ್ನೇ, ನಾನೂ ನೋಡ್ತೀನಿ! ಆರು ಗಂಟೆ ಹೊತ್ತು ಆ ತಂತಿ ಕೆಳಗೆ ಬಿದ್ದಿದ್ದೆನಲ್ಲ, ಆಗೆಲ್ಲಿ ಹೋಗಿದ್ರು ನಿನ್ನ ಮನೆ ತುಂಬ ಜನ? ಬಂದೋನೊಬ್ಬ ಗೇಟಲ್ಲಿ ನಿಂತು ಅವರನ್ನೇ ಕರೆದು ಹೊರಟುಹೋದ! ಕಳ್ಳರು ಬರದ ಹಾಗೆ ಮಾಡಿದೆ ಅಂದ್ಕೊಂಡಿದ್ದೆ ಕಣೋ. ಯಾರೂ ಬರದ ಹಾಗೆ ಮಾಡಿಟ್ಟಿದ್ದೀನಿ. ನನ್ನ ಕೈಯಾರೆ ಮಾಡಿದ್ದೀನಿ. ಈಗ ನೀನು ಆ ತಂತೀನ ಗಲ್ಲೀವರೆಗೂ ಎಳೆದು ಬಂದ್ಯಾ?"

"ನಾನೇನು ನಿನಗೆ ಕೆಟ್ಟದ್ದು ಮಾಡ್ಬೇಕು ಅಂತ…"

"ಇಲ್ಲ. ನೀನು ಯಾವತ್ತೂ ಕೆಟ್ಟದ್ದು ಮಾಡಲ್ಲ. ಆಯ್ತು ಸಾರ್ ಅಂತೀಯ, ಅಷ್ಟೆ." ಅಜ್ಜಿಯ ದನಿ ಒಡೆಯಿತು. "ನನಗೆ ಒಂಟಿತನ ಕಣಪ್ಪಾ. ಬೇರೇನೂ ಕಾಯಿಲೆ ಇಲ್ಲ. ಅದನ್ನ ಹೋಗಿ ಹೇಳೋ ಅವರಿಗೆ."

ಮಗ ತಲೆ ತಗ್ಗಿಸಿ ನಿಂತ. ಮೊಮ್ಮಗಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಸೊಸೆ ಬಾಗಿಲಿಂದ ಕಾಣೆಯಾಗಿದ್ದಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ತಂತಿ ಟಣ್ ಟಣ್ ಎನ್ನುವ ಸದ್ದು ಕೇಳಿತು. ಕಿಟಕಿಯಲ್ಲಿ ನೋಡಿದರೆ, ಅವಳು ಟ್ರಂಕಿನ ಬಟ್ಟೆಯನ್ನೆಲ್ಲ ಸರಸರನೆ ಎಳೆದು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದಳು.

"ಏಯ್, ಏನು ಮಾಡ್ತಿದ್ದೀಯಾ? ಯಜಮಾನರು ಕೇಳಿದ್ರೆ?" ಮಗ ಕಿಟಕಿಯಿಂದಲೇ ಕೂಗಿದ.

"ನಾಲ್ಕು ಜನ ಇದ್ದೀವಿ ಅನ್ನಿ. ಅದಕ್ಕೇನು ನಾಚಿಕೆ?" ಎಂದಳು ಸೊಸೆ, ತಿರುಗಿಯೂ ನೋಡದೆ. ಬಟ್ಟೆಯ ಗಂಟನ್ನು ಮಹಡಿಗೆ ಹೊತ್ತು ಟ್ರಂಕಿಗೆ ತುಂಬಿದಳು. ಆಮೇಲೆ ಬಂದು ಜಗಲಿಯ ಏಳು ಜೊತೆ ಚಪ್ಪಲಿಯನ್ನೂ ಒಯ್ದಳು. ಕೊನೆಗೆ ತನ್ನ ಮೊಬೈಲಿನಲ್ಲಿ ಹೊಲಿಗೆಯವಳ ನಂಬರು ಒತ್ತಿ, ಅತ್ತೆಯ ಕೈಗೆ ಕೊಟ್ಟು ಹೊರಗೆ ಹೋದಳು.

"ನಾನು ಕಣೇ," ಎಂದಳು ಅಜ್ಜಿ. "ಬಿದ್ದು ಸೊಂಟ ಮುರ್ಕೊಂಡಿದ್ದೀನಿ. ಒಬ್ಬಳೇ ಇದ್ದೀನಿ. ಬಾರೇ."

ಆಚೆಯಿಂದ ಬಂದ ಬೈಗುಳ ಬಾಗಿಲಾಚೆಗೂ ಕೇಳಿಸಿತು. ಮಧ್ಯೆ ಒಂದು ಕೆಮ್ಮು ಕೂಡ. ಅಜ್ಜಿ ಕಣ್ಣು ಮುಚ್ಚಿ ಕೇಳಿದಳು. ಬರುವುದು ಶನಿವಾರವೆಂದು ಗೊತ್ತಾಯಿತು.

ಮರುದಿನ ಸೋಮವಾರ. ಮೂವರೂ ಎಂದಿನಂತೆ ಹೊರಟುಹೋದರು. ತಂತಿಯ ಮೇಲೆ ಮಗನ ಎರಡು ಅಂಗಿ, ಸೊಸೆಯ ಹೊಲಿಗೆ ಹಾಕಿಸಿಕೊಂಡ ಕುಪ್ಪಸ, ಹುಡುಗಿಯ ಶಾಲೆಯ ಬಟ್ಟೆ, ಅಜ್ಜಿಯ ಒಂದು ಹಳೆಯ ಲಂಗ. ಉಳಿದ ಅಷ್ಟುದ್ದ ತಂತಿ ಖಾಲಿ. ಬಟ್ಟೆಯಿಲ್ಲದ ಜಾಗದಿಂದ ಗೇಟು ಕಾಣುತ್ತಿತ್ತು, ಗೇಟಿನಾಚೆ ರಸ್ತೆಯ ಒಂದು ತುಂಡು ಕಾಣುತ್ತಿತ್ತು. ಅಜ್ಜಿ ಅಂದು ಕಿಟಕಿಯ ಕಡೆಗೇ ಮುಖ ಮಾಡಿ ಮಲಗಿದ್ದಳು. ಮನೆ ಇನ್ನಷ್ಟು ದೊಡ್ಡದಾದ ಹಾಗನಿಸಿತು.

ಹತ್ತರ ಸುಮಾರಿಗೆ ಕ್ಯಾನುಗಳ ಸದ್ದು ಬಂತು. ಅಜ್ಜಿ ಮಲಗಿದಲ್ಲೇ ಕೈಯೆತ್ತಿದಳು, ಕಾಣುವುದಿಲ್ಲವೆಂದು ಗೊತ್ತಿದ್ದೂ. ವ್ಯಾನು ದಾಟಿ ಹೋಯಿತು. ಹೋದದ್ದು ಸ್ವಲ್ಪ ದೂರದಲ್ಲಿ ನಿಂತಿತು. ಹಿಂದಕ್ಕೆ ಬರುವ ಇಂಜಿನ್ನಿನ ಸದ್ದು, ಆಮೇಲೆ ಗೇಟಿನ ಚಿಲಕ, ಆಮೇಲೆ ಅಂಗಳದ ಜಲ್ಲಿಯ ಮೇಲೆ ಹೆಜ್ಜೆ. ನಾಲ್ಕೂವರೆ ತಿಂಗಳಲ್ಲಿ ಆ ಜಲ್ಲಿಯ ಮೇಲೆ ಹೊರಗಿನವರ ಹೆಜ್ಜೆ ಅದೇ ಮೊದಲು.

ವ್ಯಾನಿನವನು ಕಿಟಕಿಯ ಸರಳಿನಾಚೆ ಬಂದು ನಿಂತ. ಹತ್ತಿರದಿಂದ ನೋಡಿದರೆ ಅಜ್ಜಿ ಅಂದುಕೊಂಡದ್ದಕ್ಕಿಂತ ವಯಸ್ಸಾದವನು. ಕಾಲರು ಬೆವರಿಗೆ ಹಳದಿಯಾಗಿತ್ತು, ಎರಡನೆಯ ಗುಂಡಿಯ ಜಾಗದಲ್ಲಿ ಪಿನ್ನು. ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದವನು ಎಂದು ಅಜ್ಜಿ ಒಂದೇ ನೋಟಕ್ಕೆ ಓದಿದಳು.

"ಏನಜ್ಜಿ, ಮಲಗಿಬಿಟ್ಟಿದ್ದೀರಿ? ದಿನಾ ಕೈ ಎತ್ತೋರು ಕಾಣ್ತಾ ಇಲ್ವಲ್ಲ ಅಂದ್ಕೊಂಡೆ. ಇವತ್ತು ನೋಡಿದ್ರೆ ತಂತಿ ಮೇಲೆ ಮೊದಲಿನಷ್ಟು ಬಟ್ಟೆ ಇಲ್ಲ, ಚಪ್ಪಲಿ ಇಲ್ಲ. ಎಲ್ಲರೂ ಮನೆ ಬಿಟ್ಟು ಹೋದ್ರಾ?"

"ಹೋದ್ರಪ್ಪಾ," ಎಂದಳು ಅಜ್ಜಿ. "ಏಳು ಜನಾನೂ ಒಂದೇ ಸಲಕ್ಕೆ ಹೋದ್ರು."

"ಅಯ್ಯೋ. ಮತ್ತೆ ಈಗ ನಿಮ್ಮ ಹತ್ರ ಯಾರಿದ್ದಾರೆ?"

"ಈಗ ನೀನಿದ್ದೀಯಲ್ಲ. ಬಾಗಿಲು ತೆಗೆದೇ ಇದೆ, ಒಳಗೆ ಬಾ. ಬಂದು ಆ ಅಂಗಿ ಬಿಚ್ಚಿಕೊಡು, ಗುಂಡಿ ಹಾಕ್ಕೊಡ್ತೀನಿ."

ಅವನು ಒಂದು ಗಳಿಗೆ ರಸ್ತೆಯಲ್ಲಿ ನಿಂತ ವ್ಯಾನಿನ ಕಡೆ ನೋಡಿದ. ಆಮೇಲೆ ಜಗಲಿಯಲ್ಲಿ ಒಂದು ಜೊತೆ ಚಪ್ಪಲಿ ಬಿಟ್ಟ ಸದ್ದಾಯಿತು. ಅಜ್ಜಿ ದಿಂಬಿನ ಕೆಳಗಿಂದ ಸೂಜಿ ತೆಗೆದು, ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದಳು.